ಮಾಳಿಗೆ ಮನೆಯಲ್ಲಿ ಇಲಿ ನಿಲ್ಲಿಸಿದ್ದು: ನನ್ನ ಅನುಭವ

ಚಳ್ಳಕೆರೆ ಕಡೆ ಮಾಳಿಗೆ ಮನೆಯಲ್ಲಿ, ಅಂದರೆ ಮರದ ಜಂತೆ ಜೋಡಿಸಿ ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರಿನ ಮನೆಯಲ್ಲಿ, ಬೀಜದ ಶೇಂಗಾ ಇಡುವವರಿಗೆ ಇಲಿ ಕಾಟ ಏನು ಅಂತ ನಾನು ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಮುಂಗಾರು ಬಿತ್ತನೆವರೆಗೆ ಆರೇಳು ತಿಂಗಳು ಚೀಲ ಕಾಯಬೇಕು. "ಮಣ್ಣಿನ ಮನೇಲಿ ಇಲಿ ತಡೆಯೋಕಾಗಲ್ಲ, ಕೆಡವಿ ಆರ್‌ಸಿಸಿ ಹಾಕಿಸು" ಅಂದವರೇ ಎಲ್ಲ. ನಾನು ಕೆಡವಲಿಲ್ಲ. ಹೋದ ವರ್ಷ ಒಂದು ಚೀಲಕ್ಕೂ ಹಲ್ಲು ತಾಗಿಲ್ಲ. ಅಂದವರಲ್ಲೇ ಕೆಲವರು ಈಗ ಬಂದು ನಮ್ಮ ಜಂತೆ ನೋಡಿಕೊಂಡು ಹೋಗಿದ್ದಾರೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಹೇಳ್ತೀನಿ. ಪಾಷಾಣ ಇಟ್ಟೆ. ಒಂದೆರಡು ಸತ್ತವು, ಉಳಿದವು ಆ ಉಂಡೆ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಕೆಲವು ದಿನ ಬರೀ ಹಿಟ್ಟಿನ ಉಂಡೆ ಇಟ್ಟು ರೂಢಿ ಮಾಡಿಸಿ, ಆಮೇಲೆ ಪಾಷಾಣ ಬೆರೆಸಿದರೆ ಚೆನ್ನಾಗಿ ತಿನ್ನುತ್ತವೆ, ಅದು ನಿಜ. ಆದರೆ ಸಾಯೋದು ಎಲ್ಲಿ? ಜಂತೆ ಮೇಲೆ, ಮಣ್ಣಿನ ಒಳಗೆ. ಮಾಳಿಗೆ ಅಗೆದು ಹೆಣ ತೆಗೆಯೋಕಾಗುತ್ತಾ? ವಾರಗಟ್ಟಲೆ ನಡುಮನೆಯಲ್ಲಿ ಊಟ ಮಾಡೋಕಾಗಲಿಲ್ಲ. ಆಮೇಲೆ ಪ್ಲಗ್ಗಿಗೆ ಹಾಕುವ ಸದ್ದಿನ ಮೆಷಿನ್, ಸುಮಾರು ಒಂಬೈನೂರು ರೂಪಾಯಿ. ಅದರ ಪಕ್ಕದಲ್ಲೇ ಇಲಿ ಹಿಕ್ಕೆ ಹಾಕಿತ್ತು. ಅಂಟು ಹಲಗೆಗೆ ಸಿಕ್ಕಿದ್ದು ಜಾಸ್ತಿ ಹಲ್ಲಿಗಳೇ. ಬೆಕ್ಕು ಹಾಲಿನ ಲೆಕ್ಕದಲ್ಲಿ ನನಗೆ ಇಲಿಗಿಂತ ದುಬಾರಿ ಬಿತ್ತು.

ಇಷ್ಟರ ಮಧ್ಯೆ ವರ್ಷಕ್ಕೆ ಎರಡು ಮೂರು ಚೀಲ ಕಾಯಿ ಹಾಳು. ತಿನ್ನೋದು ಕಡಿಮೆ, ಚೆಲ್ಲೋದು, ಉಚ್ಚೆ ಹೊಯ್ಯೋದು ಜಾಸ್ತಿ. ಬೀಜದ ರೇಟಿನಲ್ಲಿ ಹಿಡಿದರೆ ಏಳೆಂಟು ಸಾವಿರ.

ದಾರಿ ಸಿಕ್ಕಿದ್ದು ರಾಗಿ ಹಿಟ್ಟಿನಿಂದ. ರಾತ್ರಿ ಮಲಗುವಾಗ ಗೋಡೆ ಬುಡಕ್ಕೆ, ಕಿಟಕಿ ಕಟ್ಟೆಗೆ, ತೊಲೆ ಮೇಲೆ ತೆಳ್ಳಗೆ ಉದುರಿಸಿ, ಬೆಳಿಗ್ಗೆ ಹೆಜ್ಜೆ ನೋಡಿದೆ. ನಾವೆಲ್ಲ ನೆಲದ ಬಿಲ ಮುಚ್ಚುತ್ತಾ ಕೂತಿದ್ದೆವು. ನಮ್ಮನೇಲಿ ನೆಲದಿಂದ ಬರುತ್ತಿದ್ದದ್ದು ಹೆಗ್ಗಣ ಮಾತ್ರ, ಅದೂ ಬಚ್ಚಲ ದಾರಿಯಿಂದ. ಶೇಂಗಾ ತಿನ್ನುವ ಇಲಿ ಮೇಲಿನಿಂದ ಇಳಿಯುತ್ತಿತ್ತು. ಜಂತೆ ತುದಿ ಗೋಡೆಗೆ ಸೇರುವ ಸಂದು, ಬೆಳಕಿಂಡಿ, ಮಾಳಿಗೆ ನೀರಿನ ದೋಣಿಯ ಪಕ್ಕ, ಬೋರಿನ ಸ್ಟಾರ್ಟರ್ ವೈರು ಬರುವ ತೂತು. ಇವೇ ಬಾಗಿಲುಗಳು.

ಸಂದಿಗೆ ಸಿಮೆಂಟು ಮೆತ್ತಿಸಿದೆ. ಮಣ್ಣಿನ ಗೋಡೆಗೆ ಸಿಮೆಂಟು ಕಚ್ಚಿಕೊಳ್ಳಲ್ಲ, ನಿಮಗೂ ಗೊತ್ತಲ್ವಾ. ಬೇಸಿಗೆಗೆ ಚಕ್ಕೆ ಎದ್ದು ಬಿತ್ತು. ಬೀಳದ ಕಡೆ ಇಲಿ ಪಕ್ಕದ ಮಣ್ಣು ಕೊರೆದು ಬಂತು. ಕೋಳಿ ಜಾಲರಿ ಹೊಡೆಸಿದೆ, ಅದರ ಕಣ್ಣಿನಲ್ಲಿ ಚುಂಡಿಲಿ ಆರಾಮಾಗಿ ನುಗ್ಗುತ್ತದೆ. ಅದಕ್ಕೆ ಸಣ್ಣ ಸಂದು ಸಾಕು, ಪೆನ್ಸಿಲ್ ತೂರಿದರೆ ಅದೂ ತೂರುತ್ತದೆ. ಸೊಳ್ಳೆ ಪರದೆ ಇಲಿ ಹಲ್ಲಿನ ಮುಂದೆ ತಡೆಯಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಕಾಲಿಂಚು ಕಣ್ಣಿನ ವೆಲ್ಡ್ ಜಾಲರಿ. ಚಿತ್ರದುರ್ಗದಿಂದ ತಂದೆ. ಮೊದಲು ಜಾಲರಿಯನ್ನು ಜಂತೆಗೆ ಮೊಳೆ ಹೊಡೆದು, ಗೋಡೆ ಮೇಲೆ ಒಂದು ಗೇಣು ಕೆಳಗೆ ಇಳಿಸಿ ಬಿಗಿಯಬೇಕು. ಅದರ ಮೇಲೆ ಸುಣ್ಣ ಬೆರೆಸಿದ ಮಣ್ಣಿನ ಗಾರೆ, ಸಿಮೆಂಟು ಬೇಡ. "ಸುಮ್ನೆ ದುಡ್ಡು ದಂಡ ಅಣ್ಣಾ, ಇಲಿ ಎಲ್ಲಾದ್ರೂ ಬರ್ತದೆ" ಅಂತ ಗಾರೆಯವನು ಕೆಲಸ ಮುಗಿಯುವವರೆಗೂ ಗೊಣಗಿದ. ಗಾರೆಗೆ ನಾನು ಇನ್ನೊಂದು ಬೆರೆಸುತ್ತೇನೆ, ಅದು ಅವನಿಗೂ ಹೇಳಿಲ್ಲ. ಜಾಲರಿ, ಕೂಲಿ, ಬಾಗಿಲ ಕೆಳಗೆ ಹೊಡೆದ ತಗಡು ಎಲ್ಲ ಸೇರಿ ಆರು ಸಾವಿರದ ಆಸುಪಾಸು.

ಮುಚ್ಚುವ ಕ್ರಮ ಮುಖ್ಯ. ಎಲ್ಲ ಸಂದು ಒಟ್ಟಿಗೆ ಮುಚ್ಚಿದರೆ ಒಳಗಿನವು ಒಳಗೇ ಉಳಿದು, ಹೊರಬರೋಕೆ ಹೊಸದು ಕೊರೆಯುತ್ತವೆ. ನಾನು ಬೆಳಕಿಂಡಿ ಒಂದನ್ನೇ ಬಿಟ್ಟೆ. ಕತ್ತಲಾದ ಮೇಲೆ ಹೊರಗೆ ಮೇಯೋಕೆ ಹೋದ ಹೆಜ್ಜೆ ಹಿಟ್ಟಿನಲ್ಲಿ ಕಂಡ ತಕ್ಷಣ ಅದನ್ನೂ ಬಿಗಿದೆ.

ಒಳಗೆ ಉಳಿದ ಒಂದಿಷ್ಟಕ್ಕೆ ಬೋನು. ಮನೆ ತುಂಬ ಶೇಂಗಾ ಇರುವಾಗ ಬೋನಿಗೆ ಬಜ್ಜಿ ಕಟ್ಟಿದರೆ ಯಾವ ಇಲಿ ಬರುತ್ತೆ? ಮನೇಲಿ ಇಲ್ಲದ್ದನ್ನ ಇಡಬೇಕು. ನಮ್ಮ ಸೀಮೆಯ ಮಾರ್ಚ್, ಏಪ್ರಿಲ್ ಬಿಸಿಲಿಗೆ ಇಲ್ಲದ್ದು ನೀರು. ರಾತ್ರಿ ಕೊಡ, ಬಕೆಟ್ ಎಲ್ಲ ಮುಚ್ಚಿ, ಬೋನಿನೊಳಗೆ ಮಾತ್ರ ಒಂದು ಮುಚ್ಚಳ ನೀರು. ಸಾಲಾಗಿ ಬಿದ್ದವು. ಬೋನನ್ನು ಗೋಡೆಗೆ ಒತ್ತಿ ಇಡಿ, ನಡುಮನೆ ಮಧ್ಯದಲ್ಲಿ ಇಟ್ಟರೆ ಬರಲ್ಲ.

ಚೀಲ ಇಡೋಕೆ ಮೂರಡಿ ಎತ್ತರದ ಅಟ್ಟಣೆ ಮಾಡಿದೆ. ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಯಲ್ಲಿ ಎಣ್ಣೆ ಡಬ್ಬಕ್ಕೆ ಬರವೇ? ಡಬ್ಬದ ತಗಡು ಕತ್ತರಿಸಿ ಆಲಿಕೆ ಥರ ಸುತ್ತಿ, ಬಾಯಿ ಕೆಳಗೆ ಮಾಡಿ ಒಂದೊಂದು ಕಾಲಿಗೂ ಕಟ್ಟಿದೆ. ಹತ್ತೋಕಾಗದೆ ಜಾರುತ್ತವೆ. ಆದರೂ ಮೊದಲ ಸಲ ಮೇಲಿನ ಚೀಲವೇ ತೂತಾಗಿತ್ತು. ತೊಲೆಯಿಂದ ನೇರ ಹಾರಿದ್ದವು. ಈಗ ಅಟ್ಟಣೆಯನ್ನು ತೊಲೆ ಕೆಳಗಿಂದ ಸರಿಸಿ, ಗೋಡೆಯಿಂದಲೂ ಮೂರಡಿ ದೂರ ಇಟ್ಟಿದ್ದೇನೆ. ಗೆದ್ದಲು ಹತ್ತದಿರೋಕೂ ಅದು ಒಳ್ಳೆಯದಾಯಿತು.

ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಚೀಲದ ಸುತ್ತ ಹಾಕಿದರೆ ಇಲಿ ಬರಲ್ಲ ಅಂತಾರೆ. ಅರ್ಧ ಚೀಲಗಳಿಗೆ ಹಾಕಿ, ಅರ್ಧಕ್ಕೆ ಬಿಟ್ಟು ನೋಡಿದೆ. ಸೊಪ್ಪು ಒಣಗುವವರೆಗೆ ಏನೋ ಇತ್ತು ಅನ್ನಿಸಿತು, ಆಮೇಲೆ ಎರಡೂ ಕಡೆ ಒಂದೇ. ಬೆಳ್ಳುಳ್ಳಿ ಜಜ್ಜಿ ಇಟ್ಟದ್ದಕ್ಕೆ ಮನೆಯಾಕೆ ಬೈದಳು, ಇಲಿ ಏನೂ ಅನ್ನಲಿಲ್ಲ.

ಬಚ್ಚಲ ಹೆಗ್ಗಣ ಇನ್ನೂ ಬಾಕಿ ಇದೆ. ಮೋರಿ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದೆ, ಪಕ್ಕದಲ್ಲೇ ತೋಡಿಕೊಂಡು ಬಂತು. ಈ ಸಲ ಜಾಲರಿಯನ್ನು ನೆಲದೊಳಗೆ ಒಂದೂವರೆ ಅಡಿ ಇಳಿಸಿ, ತುದಿಯನ್ನು ಹೊರಗಡೆಗೆ ಬಗ್ಗಿಸಿ ಹೂಳಿದ್ದೇನೆ. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಗೊತ್ತಾಗುತ್ತೆ. ಹೆಂಚಿನ ಮನೆಯವರು ಮಾತ್ರ ನನ್ನ ಕೇಳಬೇಡಿ, ಅದರ ಲೆಕ್ಕವೇ ಬೇರೆ.