ಕಾಲೇಜಿಗೆ ಬಂದ ಮೇಲೂ ಟೈಮಿಂಗ್ ಇಳಿಯಬೇಕಾದರೆ

ಬಳ್ಳಾರಿಯಲ್ಲಿ ಹುಡುಗ ಹುಡುಗಿಯರಿಗೆ ದೂರದ ಓಟ ಕಲಿಸುತ್ತೇನೆ. ಹೈಸ್ಕೂಲಿನಲ್ಲಿ ಮಿಂಚಿದವರು ಕಾಲೇಜು ಸೇರಿದ ಮೇಲೆ ಅದೇ ಟೈಮಿಂಗ್‌ನಲ್ಲಿ ನಿಂತುಬಿಡುತ್ತಾರೆ. ನಾನು ಕಂಡ ದೊಡ್ಡ ಕಾರಣ, ದಿನಾ ಸೀನಿಯರ್‌ಗಳ ಜೊತೆ ಜಿದ್ದಿಗೆ ಬಿದ್ದು ಓಡುವುದು.

ವಾರಕ್ಕೆ ಎರಡೇ ದಿನ ಜೋರಾಗಿ ಓಡಿ. ಉಳಿದ ದಿನ ಪಕ್ಕದವರ ಜೊತೆ ಆರಾಮಾಗಿ ಮಾತಾಡುವಷ್ಟು ನಿಧಾನ. ಮಾತು ತುಂಡಾಗಿ ಏದುಸಿರು ಬಂತಾ? ವೇಗ ಜಾಸ್ತಿ ಆಯ್ತು, ಇಳಿಸಿ. ಸೀನಿಯರ್ ಮುಂದೆ ಹೋದರೆ ಹೋಗಲಿ ಬಿಡಿ. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ಆಗ ಬೆಳಕು ಹರಿಯುವಷ್ಟರಲ್ಲೇ ಓಟ ಮುಗಿಸಿ.

ದೂರವನ್ನು ಒಮ್ಮೆಲೇ ಏರಿಸಬೇಡಿ.

ಇನ್ನು ಊಟ. ಮನೆಯಲ್ಲಿ ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಲೆ ತಿಂದು ಬೆಳೆದವರು ಹಾಸ್ಟೆಲ್‌ನಲ್ಲಿ ಬರೀ ಅನ್ನ ಸಾರಿಗೆ ಇಳಿಯುತ್ತಾರೆ. ಶೇಂಗಾ, ಮೊಳಕೆ ಕಾಳು, ಮೊಟ್ಟೆ ಸೇರಿಸಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ; ಪಲ್ಲೆಗೆ ನಿಂಬೆ ಹಿಂಡಿಕೊಳ್ಳಿ. ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಕೂಡ ಚೆಕ್ ಮಾಡಿಸಿ. ಹುಡುಗಿಯರೇ, ಮುಟ್ಟು ನಿಂತರೆ ಸುಮ್ನೆ ಇರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕಾಲೇಜಿನ ಕೋಚ್ ಒಂದೇ ಕ್ರೀಡಾಕೂಟದಲ್ಲಿ 1500, 5000, 10000 ಮೀಟರ್ ಮೂರಕ್ಕೂ ನಿಮ್ಮ ಹೆಸರು ಬರೆಸಿದರೆ, "ಸರ್, ಈ ಸಲ 5000 ಒಂದೇ ಓಡ್ತೀನಿ" ಅಂತ ಮೊದಲೇ ಹೇಳಿ.