ಆನಂದ್ ಆಡಿದ ಒಂದು ಪಂದ್ಯದಿಂದ ಸೆಮಿ-ಸ್ಲಾವ್ ಕಲಿಯುವ ಬಗೆ

ಕಕ್ಕಡದ ಮಳೆಗೆ ಮಡಿಕೇರಿಯಲ್ಲಿ ಕರೆಂಟ್ ಹೋದರೆ ಮರಳುವ ಹೊತ್ತನ್ನು ಹೇಳಲಾಗದು. ಆದ್ದರಿಂದ ನಡೆಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು, ಚದುರಂಗದ ಹಾಸನ್ನು ಕಿಟಕಿಯ ಬಳಿ ಹರಡಿ, ಕಪ್ಪು ಕಾಯಿಗಳ ಕಡೆ ಕುಳಿತುಕೊಳ್ಳಿ. ಪಂದ್ಯ 2013ರ ಜನವರಿಯದು. ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿಯಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿಗಳಲ್ಲಿ ಲೆವೊನ್ ಅರೋನಿಯನ್‌ರನ್ನು 23 ನಡೆಗಳಲ್ಲಿ ಸೋಲಿಸಿದರು.

ಸೆಮಿ-ಸ್ಲಾವ್ ಎಂಬ ಆರಂಭದ ಮೊದಲ ನಾಲ್ಕು ನಡೆಗಳನ್ನು, ಪ್ರತಿ ಜೋಡಿಯಲ್ಲಿ ಬಿಳಿಯದು ಮೊದಲು, ಕಪ್ಪಿನದು ಬಳಿಕ ಎಂಬಂತೆ ಇಡಿ: ಡಿ4 ಡಿ5, ಸಿ4 ಸಿ6, ಕುದುರೆ ಎಫ್3 ಕುದುರೆ ಎಫ್6, ಕುದುರೆ ಸಿ3 ಇ6. ಇಲ್ಲಿ ನಿಂತು ಸಿ8ರ ಒಂಟೆಯನ್ನು ನೋಡಿ. ಇ6ರ ಕಾಲಾಳು ಅದರ ದಾರಿ ಮುಚ್ಚಿದೆ. ಕಪ್ಪು ಮುಂದೆ ಮಾಡುವುದರಲ್ಲಿ ಬಹುಪಾಲು ಅದರ ಬಿಡುಗಡೆಗಾಗಿಯೇ. ಇ3, ಕುದುರೆ ಬಿ8ರಿಂದ ಡಿ7ಕ್ಕೆ. ಬಿಳಿ ಒಂಟೆ ಡಿ3ಕ್ಕೆ ಬರುವವರೆಗೂ ಕಾದು, ಅನಂತರವೇ ಸಿ4ರ ಕಾಲಾಳನ್ನು ಹೊಡೆದರೆ ಆ ಒಂಟೆ ಎರಡನೆಯ ಬಾರಿ ನಡೆಯಬೇಕಾಗುತ್ತದೆ. ಬಿ5 ಅದನ್ನು ಮತ್ತೆ ಅಟ್ಟುತ್ತದೆ. ಇದೇ ಮೆರಾನ್ ಕವಲು. ಇಷ್ಟನ್ನು ಬಾಯಿಪಾಠ ಮಾಡಿದ ಮಕ್ಕಳು ಸಿ5 ಆಡುವುದನ್ನು ಮರೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಗ ಬಿ7ಕ್ಕೆ ಬಂದ ಒಂಟೆ ಸಿ6ರ ಹಿಂದೆಯೇ ಉಳಿಯುತ್ತದೆ.

ಬಿಳಿಯ 12ನೇ ನಡೆಯಲ್ಲಿ, ಕುದುರೆ ಜಿ5ಕ್ಕೆ ಹಾರಿದಾಗ, ಕಾಗದವನ್ನು ಮುಚ್ಚಿ ಹತ್ತು ನಿಮಿಷ ಯೋಚಿಸಿ, ನಿಮ್ಮ ಉತ್ತರವನ್ನು ಬರೆಯಿರಿ. ಆನಂದ್ ಆಡಿದ್ದು ಸಿ5. ಕುದುರೆ ಎಚ್7ರ ಕಾಲಾಳನ್ನು ತಿಂದರೂ ಅದನ್ನು ಹೊಡೆಯದೆ ತಮ್ಮ ಕುದುರೆಯನ್ನು ಜಿ4ಕ್ಕೆ ತಂದರು. ಎಫ್4 ಆಡಿ ಬಿಳಿ ದಾರಿ ಮುಚ್ಚಿದಾಗ, ಡಿ4ರಲ್ಲಿ ಕಾಲಾಳುಗಳ ವಿನಿಮಯದ ಬಳಿಕ, 15ನೇ ನಡೆಯಲ್ಲಿ ಒಂಟೆಯನ್ನು ಸಿ5ರಲ್ಲಿ ಕಾಲಾಳಿನ ಬಾಯಿಗೇ ಇಟ್ಟರು. ಕಾಲಾಳು ಅದನ್ನು ತಿಂದಿದ್ದರೆ ಡಿ ಸಾಲು ತೆರೆದು, ಡಿ3ರ ಒಂಟೆಯ ಮೇಲೆ ಕುದುರೆಯೂ ರಾಣಿಯೂ ಒಟ್ಟಿಗೆ ಎರಗುತ್ತಿದ್ದವು. ಬಿಳಿ ಒಂಟೆ ಇ2ಕ್ಕೆ ಸರಿದಾಗ ಆನಂದ್‌ರ ಇನ್ನೊಂದು ಕುದುರೆ ಇ5ಕ್ಕೆ ಬಂತು. ಎಫ್ ಕಾಲಾಳು ಅದನ್ನು ತಿಂದರೆ ಏನಾಗುತ್ತದೆಂದು ಹಾಸಿನ ಮೇಲೆ ನೀವೇ ಹುಡುಕಿ: ರಾಣಿ ಡಿ4ರಲ್ಲಿ ಶಹ, ರಾಜ ಎಚ್1ಕ್ಕೆ, ರಾಣಿ ಜಿ1ರಲ್ಲಿ ಬಲಿ, ಆನೆ ಅದನ್ನು ತಿನ್ನಲೇಬೇಕು, ಕುದುರೆ ಎಫ್2ರಲ್ಲಿ ಮಾತ್. ಇಡೀ ಪಂದ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆಡದೆ ಉಳಿದ ಈ ಸಾಲೇ.

ಉಳಿದ ನಡೆಗಳನ್ನು ಬೇಗ ನೋಡಬಹುದು. 19ನೇ ನಡೆಯಲ್ಲಿ ಆನೆ ಹೋದಾಗಲೂ ಆನಂದ್ ಎಫ್5 ಆಡಿದ್ದನ್ನು ಮಾತ್ರ ಗಮನಿಸಿ. ಮರುದಿನ 1907ರ ಲೋಡ್ಜ್‌ನ ರೊಟ್ಲೆವಿ–ರುಬಿನ್‌ಸ್ಟೈನ್ ಪಂದ್ಯವನ್ನು ಇಟ್ಟರೆ, ರಾಜನತ್ತ ಗುರಿಯಿಟ್ಟ ಅದೇ ಜೋಡಿ ಒಂಟೆಗಳು, ಜಿ4ರ ಅದೇ ಕುದುರೆ ಕಾಣುತ್ತವೆ.

ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಟೂರ್ನಿಗೆ ಕುಳಿತಾಗ ಎದುರಾಳಿ 6ನೇ ನಡೆಯಲ್ಲಿ ಒಂಟೆಯ ಬದಲು ರಾಣಿಯನ್ನು ಸಿ2ಕ್ಕೆ ತಂದರೆ, ಸಿ4ರ ಕಾಲಾಳನ್ನು ಆಗಲೇ ಹೊಡೆಯಬೇಡಿ. ನಿಮ್ಮ ಒಂಟೆಯನ್ನು ಡಿ6ಕ್ಕೆ ತಂದು, ಕ್ಯಾಸ್ಲಿಂಗ್ ಮಾಡಿ, ಬಿಳಿ ಒಂಟೆ ಕದಲುವವರೆಗೆ ಕಾಯಿರಿ.