ಸೆಕೆಂಡ್ ಹ್ಯಾಂಡ್ ಗಿಬ್ಸನ್ ಗವರ್ನಮೆಂಟ್ ಸೀರೀಸ್ ಲೆಸ್ ಪಾಲ್: ದುಡ್ಡು ಕೊಡೋ ಮುಂಚೆ ಏನೇನ್ ನೋಡ್ಬೇಕು

ಸರ್ಕಾರಿ ಆಫೀಸಿನ ಫೈಲ್ ಕವರ್ ಥರ ಮಾಸಲು ಕಂದು ಬಣ್ಣ, ಕಪ್ಪು ಕ್ರೋಮ್ ಹಾರ್ಡ್‌ವೇರು, ಕಪ್ಪು ಪಿಕ್‌ಗಾರ್ಡ್ (ಬಾಡಿಗೆ ಗೀರು ಬೀಳದ ಹಾಗೆ ತಂತಿ ಪಕ್ಕ ಕೂರಿಸೋ ಪ್ಲಾಸ್ಟಿಕ್ ತಟ್ಟೆ) ಮೇಲೆ ಗೋಲ್ಡ್ ಬಣ್ಣದಲ್ಲಿ ಅಮೆರಿಕದ ಹದ್ದು, ಆ ಹದ್ದಿನ ಕಾಲಲ್ಲಿ ಒಂದು ಗಿಟಾರ್ ನೆಕ್ಕು. ಲೆಸ್ ಪಾಲ್ ಅಂದ್ರೆ ಅಮೆರಿಕದ ಗಿಬ್ಸನ್ ಕಂಪ್ನಿಯ ಎಲೆಕ್ಟ್ರಿಕ್ ಗಿಟಾರ್, ಇಂಥದ್ದೊಂದು ಎಲ್ಲಾದ್ರೂ ಸೇಲ್‌ಗೆ ಕಂಡ್ರೆ ಅದು ಗಿಬ್ಸನ್ನೋರ ಗವರ್ನಮೆಂಟ್ ಸೀರೀಸ್. 2013ರ ಕೊನೆಲಿ ಬಂತು, 2014ಕ್ಕೆ ಗವರ್ನಮೆಂಟ್ ಸೀರೀಸ್ 2 ಅಂತ ಇನ್ನೊಂದು ಬಂತು. ಗಿಬ್ಸನ್ನಿನ ಬೇರೆ ಮಾಡೆಲ್‌ಗಳಾದ ಎಸ್‌ಜಿ, ಎಕ್ಸ್‌ಪ್ಲೋರರ್, ಫ್ಲೈಯಿಂಗ್ ವಿ ಕೂಡ ಇದೇ ವೇಷದಲ್ಲಿ ಬಂದಿದ್ವು, ನಾನಿಲ್ಲಿ ಹೇಳ್ತಿರೋದು ಲೆಸ್ ಪಾಲ್ ಬಗ್ಗೆ, ಚೆಕ್ ಮಾಡೋ ವಿಷ್ಯ ಬಹುಪಾಲು ಎಲ್ಲಕ್ಕೂ ಒಂದೇ.

ಮೊದ್ಲು ಈ ಗಿಟಾರಿನ ಕಥೆ ಗೊತ್ತಿರ್ಬೇಕು, ಯಾಕಂದ್ರೆ ಮಾರೋನು ಎಕ್ಸ್‌ಟ್ರಾ ದುಡ್ಡು ಕೇಳೋದೇ ಆ ಕಥೆಗೆ. 2011ರ ಆಗಸ್ಟ್ 24ಕ್ಕೆ ಅಮೆರಿಕದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ನೋರು ನ್ಯಾಶ್‌ವಿಲ್ ಮತ್ತೆ ಮೆಂಫಿಸ್‌ನ ಗಿಬ್ಸನ್ ಫ್ಯಾಕ್ಟ್ರಿಗಳ ಮೇಲೆ ರೇಡ್ ಮಾಡಿ ಇಂಡಿಯಾದಿಂದ ಬಂದಿದ್ದ ರೋಸ್‌ವುಡ್ಡು, ಎಬನಿ ಎಲ್ಲಾ ಎತ್ಕೊಂಡೋದ್ರು. ಬೇರೆ ದೇಶದ ಕಾನೂನು ಮುರಿದು ಹೊರಗೆ ಬಂದ ಮರ ಇಟ್ಕೊಂಡ್ರೆ ಅಲ್ಲೂ ಅಪರಾಧ, ಅದಕ್ಕೆ ಲೇಸಿ ಆಕ್ಟ್ ಅಂತಿದೆ. ನಮ್ಮಲ್ಲಿ ರೋಸ್‌ವುಡ್ಡನ್ನ ಬರೀ ಕೊಯ್ದ ದಿಮ್ಮಿ ಹಲಗೆಯಾಗಿ ಎಕ್ಸ್‌ಪೋರ್ಟ್ ಮಾಡೋ ಹಾಗಿಲ್ಲ, ತಯಾರಾದ ಭಾಗ ಆದ್ರೆ ಓಕೆ, ಹಾಗಾದ್ರೆ ಫಿಂಗರ್‌ಬೋರ್ಡ್‌ಗೆ (ನೆಕ್ ಮೇಲೆ ಬೆರಳು ಒತ್ತೋ ಭಾಗ) ಅಂತ ಕತ್ತರಿಸಿದ ಪಟ್ಟಿ ಹಲಗೆನೋ ಭಾಗನೋ, ಜಗಳ ಪೂರ್ತಿ ಇದರ ಮೇಲೆನೇ. ಅದಕ್ಕೂ ಮುಂಚೆ 2009ರಲ್ಲಿ ಮಡಗಾಸ್ಕರ್ ಎಬನಿಗೂ ಒಂದು ರೇಡ್ ಆಗಿತ್ತು. 2012ರ ಆಗಸ್ಟಲ್ಲಿ ರಾಜಿ ಆಯ್ತು: ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ತು, ಮಡಗಾಸ್ಕರ್ ಮರ ಬಿಟ್ಕೊಡ್ತು, ಇಂಡಿಯಾ ಮರ ವಾಪಸ್ ಸಿಕ್ತು. ವಾಪಸ್ ಸಿಕ್ಕಿದ ಮರನೇ ಈ ಗಿಟಾರ್‌ಗಳ ಫಿಂಗರ್‌ಬೋರ್ಡ್.

ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಬೀಟೆ. ಕೊಡಗು, ಮಲೆನಾಡಿನ ಕಡೆಯೋರಿಗೆ ಹೇಳೋದೇ ಬೇಡ, ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಒಂದು ಮರ ಮುಟ್ಟೋಕಾಗಲ್ಲ. ಆದ್ರೆ ಬೀಟೆ ಪಶ್ಚಿಮ ಘಟ್ಟದ ಉದ್ದಕ್ಕೂ ಬೆಳೆಯತ್ತೆ, ಸೋ ಯಾರಾದ್ರೂ 'ಇದು ಕೂರ್ಗ್ ಮರ ಸಾರ್' ಅಂತ ಬಿಟ್ರೆ ನಕ್ಕು ಸುಮ್ನಾಗಿ, ಯಾವ ಕಾಡಿಂದು ಅಂತ ಗಿಟಾರ್ ಮೇಲೆ ಬರೆದಿರಲ್ಲ. ಇನ್ನೊಂದು ವಿಷ್ಯ, ಮಾಮೂಲಿ ಲೆಸ್ ಪಾಲ್‌ಗಳಲ್ಲೂ ಬಹುಪಾಲು ಇದೇ ಜಾತಿ ಮರನೇ ಇರೋದು. ಪೊಲೀಸ್ ಕಸ್ಟಡಿಲಿ ಇದ್ದು ಬಂತು ಅಂತ ಸೌಂಡ್ ಏನೂ ಬದಲಾಗಲ್ಲ. ನನ್ನ ಪ್ರಕಾರ ಕಥೆಗೆ ಸ್ವಲ್ಪ ಜಾಸ್ತಿ ಕೊಡ್ಬೋದು, ಆದ್ರೆ ಕಥೆಗೆ ಸಾಕ್ಷಿ ಎಲ್ಲಾ ಗಿಟಾರ್ ಜೊತೆ ಇದ್ರೆ ಮಾತ್ರ.

ಸಾಕ್ಷಿ ಅಂದ್ರೆ ಏನು? ಮೊದಲನೇದು ಆ ಹದ್ದಿನ ಪಿಕ್‌ಗಾರ್ಡ್. ತುಂಬಾ ಜನ ಲೆಸ್ ಪಾಲ್ ತಗೊಂಡ ತಕ್ಷಣ ಪಿಕ್‌ಗಾರ್ಡ್ ಬಿಚ್ಚಿ ಎಲ್ಲೋ ಇಡ್ತಾರೆ, ಆಮೇಲೆ ಮನೆ ಬದಲಾಯಿಸುವಾಗ ಕಳೆದೋಗತ್ತೆ. ಪಿಕ್‌ಗಾರ್ಡ್ ಇಲ್ಲ ಅಂದ್ರೆ ಅದು ಕಂದು ಬಣ್ಣದ ಒಂದು ಲೆಸ್ ಪಾಲ್ ಅಷ್ಟೇ, ಆ ರೇಟೇ ಮಾತಾಡಿ. ಇದ್ರೆ, ಹದ್ದಿನ ಗೋಲ್ಡ್ ಎಷ್ಟು ಸವೆದಿದೆ ಅಂತ ಓರೆಯಾಗಿ ಬೆಳಕು ಬಿಟ್ಟು ನೋಡಿ, ಬಿಸಿ ಅಚ್ಚಲ್ಲಿ ಒತ್ತಿದ್ದು (ಹಾಟ್ ಸ್ಟ್ಯಾಂಪ್) ಆಗಿರೋದ್ರಿಂದ ಪಿಕ್ ಉಜ್ಜಿ ಉಜ್ಜಿ ಹೋಗತ್ತೆ, ಅದನ್ನ ಮತ್ತೆ ಬರೆಸೋಕಾಗಲ್ಲ. ಎರಡನೇದು ಗಿಬ್ಸನ್ನಿನ ಆಗಿನ ಬಾಸ್ ಹೆನ್ರಿ ಜಸ್ಕೀವಿಚ್ ಸಹಿ ಇರೋ ಸರ್ಟಿಫಿಕೇಟು, ಜೊತೆಗೆ ಗಿಟಾರ್ ಇಡೋ ಒರಿಜಿನಲ್ ಕೇಸು.

ಸೀರಿಯಲ್ ನಂಬರ್ ಹೆಡ್‌ಸ್ಟಾಕ್ (ತಂತಿ ಬಿಗಿಯೋ ಕೀಲಿಗಳಿರೋ ತಲೆ) ಹಿಂದೆ ಒತ್ತಿರತ್ತೆ. 2013ರ ಗಿಬ್ಸನ್ ಯುಎಸ್‌ಎ ಆದ್ರೆ ಒಂಬತ್ತು ಅಂಕಿ, ಮೊದಲನೇದು ಮತ್ತೆ ಐದನೇದು ಸೇರಿದ್ರೆ ವರ್ಷ, ಮಧ್ಯದ ಮೂರು ಅಂಕಿ ವರ್ಷದಲ್ಲಿ ಎಷ್ಟನೇ ದಿನ ಅಂತ, ಹಾಗಾಗಿ ಅದು 365 ದಾಟಿದ್ರೆ ಅಲ್ಲೇ ಡೌಟ್. 2014ರಿಂದ ಪದ್ಧತಿ ಬದಲಾಯ್ತು, ನೇರವಾಗಿ 14 ಅಂತ ಶುರುವಾಗತ್ತೆ. ನಂಬರ್ ಕಾಪಿ ಹೊಡೆಯೋದು ಸುಲಭ, ಅದೊಂದನ್ನೇ ನಂಬ್ಬೇಡಿ. ನೆಕ್ ಬಾಗದ ಹಾಗೆ ಅದರೊಳಗೆ ಟ್ರಸ್ ರಾಡ್ ಅಂತ ಒಂದು ಲೋಹದ ಸರಳಿರತ್ತೆ, ಹೆಡ್‌ಸ್ಟಾಕ್ ಮೇಲಿರೋ ಅದರ ಕವರ್ ತೆಗೆಸಿ ನೋಡಿ. ಅಸಲಿ ಗಿಬ್ಸನ್ ಕವರ್‌ಗೆ ಎರಡು ಸ್ಕ್ರೂ, ಒಳಗೆ ಹಿತ್ತಾಳೆ ನಟ್ಟು. ಮೂರು ಸ್ಕ್ರೂ ಇದ್ದು ಒಳಗೆ ಅಲೆನ್ ಕೀ ಹಾಕೋ ತೂತು ಕಂಡ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಈಗ ಅಸಲಿ ವಿಷ್ಯಕ್ಕೆ ಬರೋಣ, ಹೆಡ್‌ಸ್ಟಾಕ್. ಲೆಸ್ ಪಾಲ್ ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿರತ್ತೆ, ನೆಕ್ಕು ಮಹಾಗನಿ, ಆ ಬಾಗಿದ ಜಾಗದಲ್ಲೇ ಟ್ರಸ್ ರಾಡ್‌ಗೆ ಅಂತ ಮರ ಕೊರೆದು ತೆಗೆದಿರ್ತಾರೆ, ಸೋ ಇಡೀ ಗಿಟಾರಲ್ಲಿ ವೀಕ್ ಜಾಗ ಅದೇನೆ. ಕೇಸ್ ಒಳಗಿದ್ದಾಗ ಬೆನ್ನ ಮೇಲೆ ಬಿದ್ರೂ ಮುರಿಯತ್ತೆ. ಅಂಟು ಹಾಕಿ ಬಣ್ಣ ಬಳಿದು ಮಾರೋರು ಇದ್ದಾರೆ. ನಟ್‌ನಿಂದ (ಹೆಡ್‌ಸ್ಟಾಕ್ ಶುರುವಾಗೋ ಕಡೆ ತಂತಿ ಕೂರೋ ಸೀಳುಗಳ ಸಣ್ಣ ಪಟ್ಟಿ, ಆ ಹಿತ್ತಾಳೆ ನಟ್ಟಲ್ಲ) ಒಂದೆರಡು ಇಂಚು ಕೆಳಗೆ ಮೇಲೆ, ಹಿಂಬದಿ ಮತ್ತೆ ಎರಡೂ ಪಕ್ಕ, ಮೊಬೈಲ್ ಟಾರ್ಚನ್ನ ಮರಕ್ಕೆ ಒರಗಿಸಿದ ಹಾಗೆ ಹಿಡಿದು ನಿಧಾನಕ್ಕೆ ಸರಿಸಿ. ಗೆರೆ ಕಂಡ್ರೆ ಉಗುರು ಆಡಿಸಿ ನೋಡಿ. ಬರೀ ಲ್ಯಾಕರ್ ಬಿರುಕು ಆದ್ರೆ ತೆಳ್ಳಗೆ ಅಲ್ಲಲ್ಲಿ ನಿಂತೋಗಿರತ್ತೆ, ಮರ ಬಿಟ್ಟಿದ್ರೆ ಗೆರೆ ಮರದ ಎಳೆ ಜೊತೆನೇ ಓರೆಯಾಗಿ ಹೋಗತ್ತೆ, ಪಕ್ಕಕ್ಕೂ ಬಂದಿರತ್ತೆ. ಯುವಿ ಟಾರ್ಚ್ ಇದ್ರೆ ಇನ್ನೂ ಒಳ್ಳೇದು, ಹಳೇ ನೈಟ್ರೋ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಪಾಲಿಶ್) ಮೇಲೆ ಹೊಸದಾಗಿ ಬಳಿದಿದ್ದು ಬೇರೆ ಥರ ಹೊಳೆಯತ್ತೆ. ಈ ಗಿಟಾರಲ್ಲಿ ನೆಕ್ಕು, ಬಾಡಿ ಎಲ್ಲಾ ಒಂದೇ ಬಣ್ಣ ಆದ್ರಿಂದ ಟಚಪ್ ಮುಚ್ಚಿಡೋದು ಸ್ವಲ್ಪ ಸುಲಭ, ಅದಕ್ಕೇ ಇಷ್ಟು ಉದ್ದ ಹೇಳ್ತಿರೋದು. ಸರಿಯಾಗಿ ಅಂಟಿಸಿದ್ರೆ ನುಡಿಸೋಕೆ ಏನೂ ತೊಂದ್ರೆ ಇಲ್ಲ, ರೇಟ್ ಮಾತ್ರ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇಳಿಯತ್ತೆ, ಕಲೆಕ್ಟ್ ಮಾಡೋರಂತೂ ಮುಟ್ಟೋದೇ ಇಲ್ಲ. ನುಡಿಸೋಕೆ ಮಾತ್ರ ಬೇಕು ಅನ್ನೋರಿಗೆ ಅದೇ ಬೆಸ್ಟ್ ಡೀಲ್.

ನೈಟ್ರೋ ಲ್ಯಾಕರ್ ಅಂದೆ ಅಲ್ವಾ, ಅದಕ್ಕೂ ರಬ್ಬರ್ ಸ್ಟ್ಯಾಂಡಿಗೂ ಆಗಿಬರಲ್ಲ. ಕಮ್ಮಿ ಬೆಲೆಯ ಸ್ಟ್ಯಾಂಡಲ್ಲಿ ತಿಂಗಳುಗಟ್ಟಲೆ ನಿಲ್ಸಿದ್ರೆ ನೆಕ್ ಹಿಂದೆ ಮತ್ತೆ ಬಾಡಿ ತಳದಲ್ಲಿ ಲ್ಯಾಕರ್ ಕರಗಿ ಅಂಟಂಟಾಗಿ ಮಚ್ಚೆ ಬಿದ್ದಿರತ್ತೆ. ಫೋಟೋದಲ್ಲಿ ಆ ಎರಡು ಜಾಗ ಯಾರೂ ತೋರ್ಸಲ್ಲ, ಕೇಳಿ ತರಿಸ್ಕೊಳಿ.

ಫಿಂಗರ್‌ಬೋರ್ಡ್ ನೋಡುವಾಗ ನೆಕ್ ಪಿಕಪ್ (ನೆಕ್ ಪಕ್ಕದಲ್ಲಿ ತಂತಿ ಸದ್ದು ಹಿಡಿಯೋ ಮ್ಯಾಗ್ನೆಟ್ ಭಾಗ) ಕಡೆ ತುದಿ ನೋಡಿ. 2012ರ ಆಸುಪಾಸು ದಪ್ಪ ಪಟ್ಟಿ ಸಿಗದೆ ಗಿಬ್ಸನ್ ಕೆಲವು ಮಾಡೆಲ್‌ಗೆ ಎರಡು ಪದರ ಅಂಟಿಸಿದ ರೋಸ್‌ವುಡ್ ಹಾಕಿತ್ತು, ಗವರ್ನಮೆಂಟ್ ಸೀರೀಸ್‌ದು ಇಡೀ ಒಂದೇ ತುಂಡು ಅಂತಾನೇ ಮಾರಿದ್ದು. ಮಧ್ಯದಲ್ಲಿ ಅಡ್ಡ ಗೆರೆ ಕಂಡ್ರೆ ಪ್ರಶ್ನೆ ಕೇಳಿ. ಮರ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ರೆ ಹೆದರ್ಬೇಡಿ, ತಂತಿ ಬದಲಾಯಿಸುವಾಗ ಎರಡು ಹನಿ ಫ್ರೆಟ್‌ಬೋರ್ಡ್ ಆಯಿಲ್ ಸವರಿ ಒರೆಸಿದ್ರೆ ಕಪ್ಪು ನೇರಳೆ ಗೆರೆ ಎಲ್ಲಾ ಎದ್ದು ಬರತ್ತೆ. ಬಿರುಕಿದ್ರೆ ಬೇರೆ ಮಾತು.

ಆಮೇಲೆ ನೆಕ್ ನೇರ ಇದ್ಯಾ ಅಂತ. ದಪ್ಪ ಇ ತಂತಿನ ಮೊದಲನೇ ಫ್ರೆಟ್ಟಲ್ಲಿ ಒಂದು ಕೈಲಿ, ಕೊನೇ ಫ್ರೆಟ್ಟಲ್ಲಿ ಇನ್ನೊಂದು ಕೈಲಿ ಒತ್ತಿ ಏಳನೇ ಫ್ರೆಟ್ ಹತ್ರ ಎಷ್ಟು ಗ್ಯಾಪ್ ಇದೆ ನೋಡಿ, ಕಾಲು ಮಿಲಿಮೀಟರ್, ಅಂದ್ರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಇದ್ರೆ ಸಾಕು. ಜಾಸ್ತಿ ಇದ್ರೆ ಟ್ರಸ್ ರಾಡ್ ಇನ್ನೂ ತಿರುಗತ್ತಾ ಕೇಳಿ, ಪೂರ್ತಿ ಟೈಟ್ ಆಗಿದ್ದೂ ನೆಕ್ ಬಾಗಿದ್ರೆ ಬೇಡ. ಮೊದಲ ಐದು ಫ್ರೆಟ್ಟಲ್ಲಿ ತಂತಿ ಕೆಳಗೆ ಹಳ್ಳ ಬಿದ್ದಿದ್ರೆ ಫ್ರೆಟ್ ಕೆಲಸದ ಖರ್ಚು ರೇಟಿಂದ ಕಳೀರಿ. ಟ್ಯೂನ್ ಮಾಡುವಾಗ ಜಿ ತಂತಿ 'ಟಿಂಗ್' ಅಂತ ಸದ್ದು ಮಾಡಿ ಎಗರಿದ್ರೆ ನಟ್ ಸೀಳು ಟೈಟ್ ಇದೆ ಅಂತ, ಲೆಸ್ ಪಾಲಿಗೆ ಇದು ಹುಟ್ಟುಗುಣ, ಪೆನ್ಸಿಲ್ ಗ್ರಾಫೈಟ್ ಉಜ್ಜಿದ್ರೆ ಅರ್ಧ ಸರಿಹೋಗತ್ತೆ.

ಪಿಕಪ್ಪುಗಳು ಗಿಬ್ಸನ್ನಿನ ಡರ್ಟಿ ಫಿಂಗರ್ಸ್ ಅನ್ನೋ ಮಾಡೆಲ್. ಇವು ಸೆರಾಮಿಕ್ ಮ್ಯಾಗ್ನೆಟ್ಟಿನ ಜೋರು ಹಂಬಕರ್ (ಎರಡು ಕಾಯಿಲ್ ಇರೋ ಪಿಕಪ್), ಸಾಮಾನ್ಯ ಲೆಸ್ ಪಾಲಿನ ಮೆತ್ತನೆ ಬ್ಲೂಸ್ ಸೌಂಡ್ ನಿರೀಕ್ಷೆ ಮಾಡಿದ್ರೆ ಬೇಜಾರಾಗತ್ತೆ, ಆಂಪ್ ಕ್ಲೀನ್ ಇಟ್ರೂ ವಾಲ್ಯೂಮ್ ಹತ್ತರಲ್ಲಿಟ್ರೆ ಗೊರಗುಟ್ಟತ್ತೆ. ಹಾರ್ಡ್ ರಾಕು, ಮೆಟಲ್ಲು ನುಡಿಸೋರಿಗೆ ಹಬ್ಬ. ಹಿಂದಿನ ಮಾಲೀಕ ಬದಲಾಯಿಸಿರೋ ಚಾನ್ಸ್ ಇರತ್ತೆ, ಮಲ್ಟಿಮೀಟರ್ ಇದ್ರೆ ಕೇಬಲ್ ಚುಚ್ಚಿ ಒಂದೊಂದೇ ಪಿಕಪ್ ಅಳೆಯಿರಿ: ಇವು 15-16 ಕಿಲೋ ಓಮ್ ಹತ್ರ ಬರ್ಬೇಕು, 7-8 ಬಂದ್ರೆ ಯಾವುದೋ ವಿಂಟೇಜ್ ಟೈಪ್ ಹಾಕಿದ್ದಾರೆ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಹೊಸ ಬೆಸುಗೆ ಕಾಣತ್ತಾ ಅಂತಾನೂ ನೋಡ್ಬಿಡಿ. ನಾಲ್ಕೂ ನಾಬ್ ತಿರುಗಿಸಿ ಕರಕರ ಅಂದ್ರೆ ಕಾಂಟ್ಯಾಕ್ಟ್ ಸ್ಪ್ರೇ ಸಾಕು.

ತೂಕ ಕೇಳೋರಿಗೆ: ಬಾಡಿ ಮಹಾಗನಿ, ಮೇಲೆ ಮೇಪಲ್, ಒಳಗೆ ಮರ ಕೊರೆದು ತೂಕ ಇಳಿಸಿದ್ದಾರೆ, ಹಾಗಾಗಿ ಹಳೇ ಕಾಲದ ಲೆಸ್ ಪಾಲ್ ಥರ ಹೆಗಲು ಬೀಳಲ್ಲ. ಆದ್ರೂ ಹತ್ತು ನಿಮಿಷ ನಿಂತು ನುಡಿಸಿ ನೋಡಿ.

ಅಮೆರಿಕದಿಂದ ಯಾರ ಕೈಲಾದ್ರೂ ತರಿಸೋ ಪ್ಲಾನ್ ಇದ್ರೆ, ರೋಸ್‌ವುಡ್ ಅಂತ ಹೆದರೋದು ಈಗ ಬೇಡ. 2017ರ ಜನವರಿಯಲ್ಲಿ ಎಲ್ಲಾ ಬೀಟೆ ಕುಲದ ಮರಗಳೂ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಮರಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿ ಗಿಟಾರ್ ಮಾರೋರಿಗೆ ತಲೆನೋವಾಗಿತ್ತು, 2019ರ ನವೆಂಬರಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಬ್ರೆಜಿಲಿಯನ್ ರೋಸ್‌ವುಡ್‌ಗೆ ಮಾತ್ರ ಇಲ್ಲ. ಕಸ್ಟಮ್ಸ್ ಡ್ಯೂಟಿ ಬೇರೆ ವಿಷ್ಯ, ಅದನ್ನ ಮುಂಚೆನೇ ಲೆಕ್ಕ ಹಾಕ್ಕೊಳಿ. ಪ್ಯಾಕ್ ಮಾಡೋರಿಗೆ ಹೇಳಿ, ತಂತಿ ಸ್ವಲ್ಪ ಸಡಿಲ ಮಾಡಿ, ಕೇಸ್ ಒಳಗೆ ಹೆಡ್‌ಸ್ಟಾಕ್ ಕೆಳಗೂ ಮೇಲೂ ಬಟ್ಟೆ ತುರುಕಿ ಅಲ್ಲಾಡದ ಹಾಗೆ ಮಾಡ್ಲಿ, ಆಮೇಲೆ ಹದ್ದಿನ ಪಿಕ್‌ಗಾರ್ಡ್ ಬಿಚ್ಚಿಟ್ಟಿದ್ರೆ ಅದನ್ನ ಬೇರೆ ಕವರಲ್ಲಿ ಹಾಕಿ ಅದೇ ಕೇಸ್ ಒಳಗೆ ಇಡ್ಲಿ.